ಕೊನೆಯ ಅಂಕಿ ಮುಂದೆ ಬಂದಾಗ

ಕಾಸರಗೋಡಿನ ಬದಿಯಡ್ಕದ ಅಡಿಕೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಆಟಿ ತಿಂಗಳ ಒಂದು ಸಂಜೆ, ಏಳನೆಯಲ್ಲಿ ಕಲಿಯುವ ತಂಗಿಯ ಮಗ ಒಂದು ಲೆಕ್ಕ ತಂದ. ಒಂದು ಸಂಖ್ಯೆಯ ಕೊನೆಯ ಅಂಕಿಯನ್ನು ಕಿತ್ತು ಮುಂದೆ ಇಟ್ಟರೆ ಅದು ಸರಿಯಾಗಿ ಇಮ್ಮಡಿಯಾಗಬೇಕು. ಅಂಥ ಸಂಖ್ಯೆ ಯಾವುದು?

ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಎರಡಂಕಿಯಲ್ಲಿ ಸಿಗಲಿಲ್ಲ, ಮೂರಂಕಿಯಲ್ಲೂ ಇಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಚಿಮಣಿ ದೀಪ ಹಚ್ಚಿ, ಗೋಡೆಯ ಮಲಯಾಳಂ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಹಿಂಬದಿಯಲ್ಲಿ ಬರೆಯತೊಡಗಿದೆ.

ದಾರಿ ಸಿಕ್ಕಿದ್ದು ಬಲಗಡೆಯಿಂದ. ಕೊನೆಯ ಅಂಕಿ 2 ಇರಲಿ. ಇಮ್ಮಡಿ ಮಾಡಿದರೆ ಉತ್ತರ 4ರಲ್ಲಿ ಮುಗಿಯಬೇಕು. ಆದರೆ 2 ಮುಂದೆ ಹೋದ ಮೇಲೆ ಕೊನೆಗೆ ಉಳಿಯುವುದು ಅದರ ಎಡಗಡೆ ಇದ್ದ ಅಂಕಿಯೇ. ಅಂದರೆ ಅದು 4. ಅದರ ಎಡಕ್ಕೆ 8. ಆಮೇಲೆ ಹದಿನಾರು: 6 ಬರೆದೆ, ಕೈಯಲ್ಲಿ ಒಂದು. ಆರೆರಡಲ ಹನ್ನೆರಡು, ಕೈಯ ಒಂದು ಸೇರಿ ಹದಿಮೂರು: 3, ಕೈಯಲ್ಲಿ ಒಂದು. ಊಹೆಯೇ ಬೇಡ, ಎರಡರ ಮಗ್ಗಿ ಬಂದರೆ ಸಾಕು.

ಹದಿನೈದನೆಯ ಜಾಗದಲ್ಲಿ ಮತ್ತೆ 2 ಬಂತು. ಸುತ್ತು ಮುಗಿಯಿತೆಂದು ಪೆನ್ನು ಕೆಳಗಿಟ್ಟೆ. ಅದರ ಬಲಕ್ಕಿದ್ದ 63157894736842 ಉತ್ತರ ಅಂದೆ. ಹುಡುಗ ಇಮ್ಮಡಿ ಮಾಡಿ ನೋಡಿದ: 126315789473684. "ಮಾವ, ಎಲ್ಲ ಸರಿ ಉಂಟು, ಎದುರು ಒಂದು ಒಂದು ಹೆಚ್ಚು." ಕೈಯಲ್ಲಿದ್ದ ಒಂದನ್ನು ನಾನು ಮರೆತಿದ್ದೆ! ದಿನವಿಡೀ ಕೂಡಿಸುವವನಿಗೆ ಇದಕ್ಕಿಂತ ನಾಚಿಕೆ ಬೇರೆ ಇಲ್ಲ. 2 ಬಂದರೆ ಸಾಲದು, ಆಗ ಕೈ ಬರಿದಾಗಿಯೂ ಇರಬೇಕು. ಮುಂದುವರಿಸಿದೆ: 5, 0, 1. ಈಗ ಕೈ ಬರಿದು, ಮುಂದಿನದು 2.

105263157894736842

2 ಮುಂದೆ ಬಂದರೆ 210526315789473684. ಹದಿನೆಂಟು ಅಂಕಿ, ಅಂಗಡಿಯ ಕ್ಯಾಲ್ಕುಲೇಟರಿಗೆ ಹನ್ನೆರಡಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಹಾಗಾಗಿ ಕೈಯಲ್ಲೇ ತಾಳೆ ನೋಡಿದೆವು. 1ರಿಂದ ಶುರು ಮಾಡಿದರೂ ಇದೇ ಸುತ್ತು, ಆದರೆ ಎದುರಿಗೆ ಸೊನ್ನೆ ಕೂರುತ್ತದೆ.

ಮರುದಿನ ಅಂಗಡಿಯಲ್ಲಿ ಬಿಡುವಾದಾಗ ಇದಕ್ಕಿಂತ ಚಿಕ್ಕದು ಇದೆಯೇ ಎಂದು ನೋಡಿದೆ. ಬೀಜಗಣಿತದಲ್ಲಿ ಬರೆದರೆ, 1ರ ಮುಂದೆ ಕೆಲವು ಸೊನ್ನೆ ಹಾಕಿ 2 ಕಳೆದಾಗ ಸಿಗುವುದು 19ರಿಂದ ಭಾಗ ಹೋಗಬೇಕು. ಹದಿನೇಳು ಸೊನ್ನೆ ಹಾಕುವ ತನಕ ಅದು ಹೋಗುವುದೇ ಇಲ್ಲ. ನಮ್ಮ ಸಂಖ್ಯೆ ಬೇರೇನಲ್ಲ, 2ನ್ನು 19ರಿಂದ ಭಾಗಿಸಿದಾಗ ದಶಮಾಂಶದಲ್ಲಿ ಮತ್ತೆ ಮತ್ತೆ ಬರುವ ಅಂಕಿಗಳೇ. ಎರಡರಿಂದ ಒಂಬತ್ತರ ತನಕ ಯಾವುದರಿಂದ ಗುಣಿಸಿದರೂ ಅದೇ ಸಾಲು ಬೇರೆ ಜಾಗದಿಂದ ಶುರುವಾಗುತ್ತದೆ. ನಡುವೆ ತುಂಡು ಮಾಡಿ ಎರಡು ಅರ್ಧಗಳನ್ನು ಕೂಡಿಸಿದರೆ ಒಂಬತ್ತು ಒಂಬತ್ತುಗಳು; ನನಗಂತೂ ಇದೇ ಹೆಚ್ಚು ಚಂದ ಕಂಡಿತು.

ಸಂಜೆ ಹುಡುಗ ಮತ್ತೆ ಬಂದ. "ಮುಮ್ಮಡಿ ಆಗುವುದು ಬೇಕಾದರೆ, ಮಾವ?" 3ರಿಂದ ಶುರು ಮಾಡಿ ಮೂರರ ಮಗ್ಗಿ ಹಿಡಿ ಅಂದೆ. ಇಪ್ಪತ್ತೆಂಟು ಅಂಕಿ ಬಂತು: 1034482758620689655172413793. ಈ ಸಲ ಕೈಯಲ್ಲಿದ್ದದ್ದನ್ನು ಅವನೇ ಗಟ್ಟಿಯಾಗಿ ಹೇಳುತ್ತಾ ಹೋದ.