ತೋಟದ ಪೆಟ್ಟಿಗೆಯಲ್ಲಿ ಬ್ಯಾಟರಿ ತಿನ್ನುತ್ತಿದ್ದದ್ದು ಯಾವುದು?

ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವ ನೋಡಲು ಒಂದು ಪುಟ್ಟ ಪೆಟ್ಟಿಗೆ ಮಾಡಿ ಇಟ್ಟಿದ್ದೆ. ಒಳಗೆ ಎಟಿಮೆಗಾ328ಪಿ ಚಿಪ್, 865 ಮೆಗಾಹರ್ಟ್ಸ್‌ನ ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವ ಲೋರಾ ರೇಡಿಯೋ, 2600 ಮಿಲಿಆಂಪ್-ಗಂಟೆ ಅಂದರೆ ಎಂಎಎಚ್‌ನ ಒಂದು 18650 ಸೆಲ್ (ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿ). ಹದಿನೈದು ನಿಮಿಷಕ್ಕೊಮ್ಮೆ ಎದ್ದು, ತೇವ ಅಳೆದು, ಮನೆಗೆ ಕಳಿಸಿ ಮತ್ತೆ ಮಲಗಬೇಕು. ವರ್ಷಗಟ್ಟಲೆ ನಡೆಯುತ್ತದೆ ಅಂದುಕೊಂಡಿದ್ದೆ. ಮೂರು ವಾರ ತುಂಬುವ ಮೊದಲೇ ಅಪ್ಪ ಫೋನ್ ಮಾಡಿದರು: "ನಿನ್ನ ಪೆಟ್ಟಿಗೆ ಸುಮ್ನಾಗಿದೆ ಮಾರಾಯ."

ಮೊದಲು ಕೋಡ್ ಮೇಲೇ ಅನುಮಾನ. ಎರಡು ದಿನ ಅದಕ್ಕೇ ಹೋಯಿತು. ಆಮೇಲೆ ಸೆಲ್ ಮತ್ತು ಬೋರ್ಡ್ ನಡುವೆ ಮಲ್ಟಿಮೀಟರ್ ಹಾಕಿದೆ. ಚಿಪ್ ಮಲಗಿದೆ, ಮೀಟರ್ 6 ಮಿಲಿಆಂಪ್ ತೋರಿಸುತ್ತಿದೆ! 2600ನ್ನು 6ರಿಂದ ಭಾಗಿಸಿ: 433 ಗಂಟೆ, ಅಂದರೆ 18 ದಿನ. ಲೆಕ್ಕ ಸರಿಹೋಯಿತು.

ತಿನ್ನುತ್ತಿದ್ದದ್ದು 1117 ರೆಗ್ಯುಲೇಟರ್, ಅಂದರೆ ಸೆಲ್ಲಿನ ವೋಲ್ಟೇಜನ್ನು ಬೋರ್ಡಿಗೆ ಬೇಕಾದ 3.3 ವೋಲ್ಟ್‌ಗೆ ಇಳಿಸಿಕೊಡುವ ಬಿಡಿಭಾಗ. ಅದು ಸುಮ್ನೆ ಕೂತಿದ್ದರೂ ತನಗೇ ಅಂತ ಸುಮಾರು 5 ಮಿಲಿಆಂಪ್ ತಗೊಳ್ಳುತ್ತದೆ. ಉಳಿದದ್ದು ಬೋರ್ಡಿನ ಪವರ್ ಎಲ್ಇಡಿ. ಇನ್ನೊಂದು ತೊಂದರೆಯೂ ಇದೆ. 1117ಗೆ ಔಟ್‌ಪುಟ್‌ಗಿಂತ ಇನ್‌ಪುಟ್ ಒಂದು ವೋಲ್ಟ್‌ಗೂ ಜಾಸ್ತಿ ಇರಬೇಕು. ಪೂರ್ತಿ ಚಾರ್ಜ್ ಆದ ಸೆಲ್ ಕೊಡೋದೇ 4.2. ಅದರಿಂದ ಸರಿಯಾದ 3.3 ಎಲ್ಲಿ ಬರುತ್ತದೆ?

ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಎಂಸಿಪಿ1700 ಅನ್ನೋ ಬೇರೆ ರೆಗ್ಯುಲೇಟರ್ ತಂದೆ. ಇದು ತನಗೆ ತಗೊಳ್ಳೋದು ಸಾಮಾನ್ಯವಾಗಿ 1.6 ಮೈಕ್ರೋಆಂಪ್ ಅಷ್ಟೇ (ಸಾವಿರ ಮೈಕ್ರೋಆಂಪ್ ಸೇರಿದರೆ ಒಂದು ಮಿಲಿಆಂಪ್). 250 ಮಿಲಿಆಂಪ್‌ವರೆಗೆ ಕೊಡುತ್ತದೆ, ನನ್ನ ರೇಡಿಯೋ ಕೇಳೋದು 120. ಔಟ್‌ಪುಟ್‌ಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಲೇಬೇಕು, ಇಲ್ಲದಿದ್ದರೆ ವೋಲ್ಟೇಜ್ ಸ್ಥಿರವಾಗಿ ನಿಲ್ಲುವ ಖಾತ್ರಿ ಇಲ್ಲ. ಇನ್ ಮತ್ತು ಔಟ್ ಕಾಲುಗಳ ಜಾಗ 1117ರಂತೆಯೇ ಇರಬೇಕೆಂದಿಲ್ಲ, ಬೆಸುಗೆ ಹಾಕುವ ಮೊದಲು ಡೇಟಾಶೀಟ್ (ಕಂಪನಿಯ ಮಾಹಿತಿ ಹಾಳೆ) ನೋಡಿ. ಇನ್‌ಪುಟ್ 6 ವೋಲ್ಟ್ ದಾಟಬಾರದು. ವೈಫೈ ಚಿಪ್ ಇಎಸ್‌ಪಿ8266 ಬಳಸುವವರಿಗೆ ಇದು ಸಾಲದು, ಅದು ಕಳಿಸುವ ಗಳಿಗೆಯಲ್ಲಿ 300 ಮಿಲಿಆಂಪ್ ದಾಟಿಬಿಡುತ್ತದೆ.

ಎಲ್ಇಡಿ ಕಿತ್ತು, ಹೊಸ ರೆಗ್ಯುಲೇಟರ್ ಕೂರಿಸಿ ಮತ್ತೆ ಅಳೆದೆ. ಈ ಅಳೆಯೋದೇ ಒಂದು ಕೆಲಸ. ಮೀಟರನ್ನು ಮೈಕ್ರೋಆಂಪ್‌ಗೆ ಇಟ್ಟರೆ, ಬೋರ್ಡ್ ಏಳುವಾಗ ಮೀಟರಿನೊಳಗೇ ವೋಲ್ಟೇಜ್ ಬಿದ್ದು ಚಿಪ್ ರೀಸೆಟ್ ಆಗುತ್ತಿತ್ತು. ಮೀಟರಿನ ಎರಡೂ ವೈರ್‌ಗಳ ನಡುವೆ ಒಂದು ಮೊಸಳೆ ಕ್ಲಿಪ್ ಹಾಕಿ ಕರೆಂಟ್ ಮೀಟರನ್ನು ಬಿಟ್ಟು ಹರಿಯುವಂತೆ ಮಾಡಿದೆ, ಚಿಪ್ ಮಲಗಿದ ಮೇಲೆ ಕ್ಲಿಪ್ ಮೆಲ್ಲಗೆ ತೆಗೆದೆ. ಆಗ ಓದಿದ್ದು 28 ಮೈಕ್ರೋಆಂಪ್.

ಇನ್ನೂ ಜಾಸ್ತಿಯೇ ಅಲ್ವಾ? ಹುಡುಕಿದಾಗ ಸಿಕ್ಕಿದ್ದು ಬ್ಯಾಟರಿ ವೋಲ್ಟೇಜ್ ನೋಡಲು ನಾನೇ ಹಾಕಿದ್ದ ಎರಡು 100 ಕಿಲೋಓಮ್ ರೆಸಿಸ್ಟರ್‌ಗಳು. ಹಗಲೂ ರಾತ್ರಿ 20 ಮೈಕ್ರೋಆಂಪ್ ಅವುಗಳಿಂದಲೇ ಹರಿದುಹೋಗುತ್ತಿತ್ತು. ಒಂದೊಂದು ಮೆಗಾಓಮ್‌ದು ಹಾಕಿ, ಅಷ್ಟು ದೊಡ್ಡ ರೆಸಿಸ್ಟರ್ ಇದ್ದರೂ ಓದು ಸರಿಬರಲಿ ಅಂತ ಓದುವ ಪಿನ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟೆ. ಮೀಟರ್ 9ಕ್ಕೆ ಇಳಿಯಿತು. ಆ 9 ನೋಡಿದಾಗ ಆದ ಖುಷಿ ಹೇಳತೀರದು.

ರೇಡಿಯೋ ಖರ್ಚು ಸೇರಿಸಿದರೂ ಸರಾಸರಿ 30 ಮೈಕ್ರೋಆಂಪ್ ಒಳಗೇ ಇದೆ. ಕಾಗದದ ಮೇಲೆ ಹತ್ತು ವರ್ಷ ಬರುತ್ತದೆ. ಆದರೆ ಸೆಲ್ ತಾನಾಗಿಯೇ ಇಳಿಯುವುದರಿಂದ ಅಷ್ಟನ್ನು ನಾನು ನಂಬುವುದಿಲ್ಲ. ಮಳೆಗಾಲಕ್ಕೆ ಮೊದಲು ಅದೇ ಅಡಿಕೆ ಮರಕ್ಕೆ ಪೆಟ್ಟಿಗೆ ಕಟ್ಟಿ ಬಂದೆ. ಐದು ತಿಂಗಳಾಯಿತು, ಇವತ್ತು ಬೆಳಿಗ್ಗೆ ಬಂದ ಓದು 4.06 ವೋಲ್ಟ್.