ಗುಂಪು ಮಾಡಿದರೆ ಸಾಲದು, ಪಾಠವನ್ನೂ ಹಂಚಬೇಕು

ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ನಾನು ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಕ್ಲಾಸಿನಲ್ಲಿ ಕನ್ನಡದವರಿದ್ದಾರೆ, ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ. ‘ಗುಂಪು ಮಾಡ್ಕೊಳ್ರಿ’ ಅಂದರೆ ತಾಂಡಾದವರು ಒಂದು ಮೂಲೆ, ಉಳಿದವರು ಇನ್ನೊಂದು ಮೂಲೆ. ನಾವೇ ಬೆರೆಸಿ ಕೂರಿಸಿದರೂ ಜಾಣೆ ಒಬ್ಬಳು ಬರೆಯುತ್ತಾಳೆ, ಮಿಕ್ಕವರು ಸುಮ್ನೆ ನೋಡುತ್ತಾರೆ. ಲೀಡರ್ ಮಾಡಿದರಂತೂ ಮುಗೀತು, ಅವನು ಇನ್ನೊಬ್ಬ ಮೇಷ್ಟ್ರು!

ನನಗೆ ಕೈ ಹಿಡಿದದ್ದು ಜಿಗ್ಸಾ ಪದ್ಧತಿ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ ಶುರು ಮಾಡಿದ್ದು. ಅಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳು ಆಗಷ್ಟೇ ಒಂದೇ ಶಾಲೆಗೆ ಬಂದು ಜಗಳವಾಡುತ್ತಿದ್ದ ಕಾಲ. ಉಪಾಯ ಸರಳ: ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡಬೇಕು, ಪೂರ್ತಿ ಪಾಠ ಯಾರ ಕೈಯಲ್ಲೂ ಇರಬಾರದು.

ಕೃಷ್ಣಾ ನದಿಯನ್ನು ನಾನು ಚೀಟಿಗಳಲ್ಲಿ ಬರೆದು ಪ್ರತಿ ಗುಂಪಿನಲ್ಲೂ ಹೀಗೆ ಹಂಚಿದೆ. ಮಹಾಬಳೇಶ್ವರದ ಹುಟ್ಟು ಒಬ್ಬರಿಗೆ, ಆಲಮಟ್ಟಿ ಇನ್ನೊಬ್ಬರಿಗೆ, ನಮ್ಮದೇ ಜಿಲ್ಲೆಯ ನಾರಾಯಣಪುರ ಅಣೆಕಟ್ಟು ಮತ್ತು ಕಾಲುವೆ ಮತ್ತೊಬ್ಬರಿಗೆ, ಭೀಮಾ ಬಂದು ಸೇರುವುದು ಒಬ್ಬರಿಗೆ, ರಾಯಚೂರು ದಾಟಿ ತೆಲಂಗಾಣ, ಆಂಧ್ರದ ಮೂಲಕ ಸಮುದ್ರ ಸೇರುವುದು ಕೊನೆಯವರಿಗೆ. ಬೇರೆ ಬೇರೆ ಗುಂಪುಗಳಲ್ಲಿ ಒಂದೇ ತುಂಡಿನ ಚೀಟಿ ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕೂತು ಓದುತ್ತಾರೆ, ಹೇಗೆ ಹೇಳಬೇಕು ಅಂತ ಅಲ್ಲೇ ತಾಲೀಮು ಮಾಡುತ್ತಾರೆ, ಆಮೇಲೆ ತಮ್ಮ ಗುಂಪಿಗೆ ವಾಪಸ್ ಹೋಗಿ ವಿವರಿಸುತ್ತಾರೆ. ಈ ತಾಲೀಮು ಬಿಡಲೇಬಾರದು. ಕನ್ನಡ ಓದಲು ತಡವರಿಸುವ ಹುಡುಗಿಗೆ ಧೈರ್ಯ ಬರುವುದೇ ಇಲ್ಲಿ. ಭೀಮಾ ಚೀಟಿ ಅವಳ ಹತ್ತಿರ ಮಾತ್ರ ಇದೆ ಅಂದಮೇಲೆ ಗುಂಪಿನವರು ‘ಸಾವಕಾಶ ಹೇಳವ್ವ’ ಅನ್ನಲೇಬೇಕು, ಅಲ್ವಾ?

ಕೊನೆಗೆ ಟೆಸ್ಟ್ ಮಾತ್ರ ಒಬ್ಬೊಬ್ಬರೇ ಬರೆಯಬೇಕು, ಎಲ್ಲ ತುಂಡುಗಳ ಮೇಲೂ ಪ್ರಶ್ನೆ. ಗುಂಪಿಗೆಲ್ಲ ಒಂದೇ ಅಂಕ ಕೊಟ್ಟರೆ ಬೇರೆಯವರ ಮಾತು ಯಾರೂ ಕೇಳಿಸಿಕೊಳ್ಳುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಹತ್ತಿ ಬಿಡಿಸುವ ಕಾಲಕ್ಕೆ ಹಾಜರಿ ಇಳಿಯುತ್ತದೆ, ಒಬ್ಬರು ಬರದಿದ್ದರೆ ನದಿ ಅರ್ಧಕ್ಕೇ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಗುಂಪು ಸ್ವಲ್ಪ ದೊಡ್ಡದು ಮಾಡಿ ಒಂದೇ ಚೀಟಿಯನ್ನು ಇಬ್ಬರಿಗೆ ಕೊಡುತ್ತೇನೆ. ಗದ್ದಲ ಜಾಸ್ತಿ, ಪಕ್ಕದ ಕ್ಲಾಸಿನವರು ಬಂದು ಇಣುಕುತ್ತಾರೆ. ಮಳೆ ಇಲ್ಲದ ದಿನ ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗುತ್ತೇನೆ.