ನನ್ನ ನೋಟ್‌ಬುಕ್ಕಿನ ‘ಹಟಮಾರಿ’

ಡೇ ಕೇರ್‌ನಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ದಿನಾ ಸಂಜೆ ಒಂದೊಂದು ಮಗುವಿನ ಬಗ್ಗೆಯೂ ಎರಡು ಸಾಲು ಬರೆದಿಡಬೇಕು. ಮೊದಲ ವರ್ಷದ ನೋಟ್‌ಬುಕ್ ಈಗ ತೆಗೆದರೆ ನಾಚಿಕೆ ಆಗುತ್ತದೆ. ‘ಹಟಮಾರಿ’, ‘ಅಳುಬುರುಕಿ’, ‘ತಾಯಿ ಮುದ್ದು ಜಾಸ್ತಿ’. ಬರೀ ತೀರ್ಪು. ಮಗು ಏನು ಮಾಡಿತು ಅನ್ನೋದೇ ಇಲ್ಲ.

ಎರಡೂವರೆ ವರ್ಷದ ಒಬ್ಬ ಹುಡುಗ ಶೂ ಬಿಚ್ಚೋಕೆ ಬಿಡುತ್ತಿರಲಿಲ್ಲ. ಬಾಗಿಲ ಹತ್ತಿರವೇ ಕೂತಿರುತ್ತಿದ್ದ. ಎತ್ತಿಕೊಳ್ಳಲು ಹೋದರೆ ಒದೆಯುತ್ತಿದ್ದ. ‘ಹಟಮಾರಿ’ ಅವನಿಗೇ ಕೊಟ್ಟ ಬಿರುದು. ಅದನ್ನು ನೋಡಿದ ಹಿರಿಯ ಟೀಚರ್ ಒಬ್ಬರು, “ಒಂದು ವಾರ ಗುಣ ಬರೀಬೇಡ ಕಣೇ. ಕಣ್ಣಿಗೆ ಕಂಡಿದ್ದಷ್ಟೇ ಬರಿ, ಟೈಮ್ ಹಾಕು” ಅಂದರು.

ಬರೆದೆ. “8.40: ಕೈಗೆ ಆಟದ ಲಾರಿ ಕೊಟ್ಟೆ. ಅವನು ಚಕ್ರ ತಿರುಗಿಸುವಾಗ ತಾಯಿ ಹೊರಟರು. 8.42: ತಲೆ ಎತ್ತಿದ. ಲಾರಿ ಬಿಟ್ಟು ಬಾಗಿಲಿಗೆ ಓಡಿದ.” ಮೂರನೇ ದಿನ: “ಲಾರಿ ಮುಟ್ಟಲಿಲ್ಲ. ತಾಯಿಯ ಚೀಲದ ಪಟ್ಟಿ ಹಿಡಿದುಕೊಂಡ.”

ಹಟ ಎಲ್ಲಿತ್ತು? ಆಟಕ್ಕೆ ಕೂತರೆ ಅಮ್ಮ ಮಾಯ ಆಗ್ತಾಳೆ ಅಂತ ಕಲಿತಿದ್ದ, ಕಾವಲು ಕೂತಿದ್ದ. “ಅವನು ಆಡ್ತಿರುವಾಗ ಸುಮ್ನೆ ಹೊರಟುಬಿಡಿ” ಅಂತ ಆ ತಾಯಿಗೆ ಹೇಳಿಕೊಟ್ಟವರು ಬೇರೆ ಯಾರೂ ಅಲ್ಲ, ನಾವೇ!

ಅವರನ್ನು ಕೂರಿಸಿಕೊಂಡು ನಮ್ಮ ತಪ್ಪು ಒಪ್ಪಿಕೊಂಡೆ. ನಾಳೆಯಿಂದ ಹೇಳಿಯೇ ಹೋಗಿ, ಅತ್ತರೆ ನಾನಿರ್ತೀನಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಳಿಸಿ ಹೋದರೆ ನೀವೆಲ್ಲ ಏನಂದ್ಕೋತೀರೋ ಅಂತ ಭಯ ಇತ್ತು ಟೀಚರ್” ಅಂದರು. ನಾವು ಅವರನ್ನೂ ಅಳೆಯುತ್ತಿದ್ದೇವೆ ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಮೊದಲ ನಾಲ್ಕು ದಿನ ಅಳು ಜಾಸ್ತಿಯೇ ಆಯಿತು. ಎರಡನೇ ವಾರ ಶೂ ತಾನೇ ಬಿಚ್ಚಿದ.

ಸಂಜೆ ಕರೆದುಕೊಂಡು ಹೋಗಲು ಬಂದಾಗಿನದೂ ಬರೆಯೋಕೆ ಶುರು ಮಾಡಿದ್ದು, ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಬಗ್ಗೆ ಓದಿದ ಮೇಲೆ. ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ಗಮನಿಸುವಾಗ ಅವರು ತಾಯಿ ಹೋದಾಗಿನ ಅಳುವಿಗಿಂತ, ವಾಪಸ್ ಬಂದಾಗ ಮಗು ಏನು ಮಾಡುತ್ತದೆ ಅನ್ನೋದಕ್ಕೇ ಹೆಚ್ಚು ಬೆಲೆ ಕೊಟ್ಟರು. ನಾವೋ, ದಿನವಿಡೀ ನಗುತ್ತಿದ್ದ ಮಗು ಅಮ್ಮನನ್ನು ಕಂಡ ತಕ್ಷಣ ಅತ್ತರೆ, “ನಮ್ಮ ಹತ್ರ ಚೆನ್ನಾಗೇ ಇದ್ದ” ಅಂತ ಹೆಮ್ಮೆಯಿಂದ ಹೇಳುತ್ತಿದ್ದೆವು. ಆ ತಾಯಿಗೆ ಹೇಗನ್ನಿಸಿರಬೇಕು, ಅಲ್ವಾ? ಅಷ್ಟು ಹೊತ್ತು ತಡೆದುಕೊಂಡಿದ್ದನ್ನು ಅವನು ಬಿಚ್ಚುತ್ತಿದ್ದದ್ದು ಅವಳ ಮುಂದೆ ಮಾತ್ರ.

ಹಳೇ ಚಾಳಿ ಪೂರ್ತಿ ಹೋಗಿಲ್ಲ. ಕಳೆದ ವಾರವೇ ಒಬ್ಬ ತಂದೆಯ ಬಗ್ಗೆ ‘ಜವಾಬ್ದಾರಿ ಇಲ್ಲ’ ಅಂತ ಬರೆದು ಹೊಡೆದುಹಾಕಿದೆ. ಅದರ ಕೆಳಗೆ ಈಗ ಇರೋದು: “6.25ಕ್ಕೆ ಬಂದರು. ಓಡಿ ಬಂದಿದ್ದರು, ಏದುಸಿರು. ಮಗಳು ಅವರ ಬೆವರು ಒರೆಸಿದಳು.”